ತುಪ್ಪದ ಬಣ್ಣಕ್ಕೆ ತಿರುಗಿದ ಗಿಟಾರಿನ ಅಂಚುಪಟ್ಟಿ

ಪ್ರಶ್ನೆ: ಸೋದರಮಾವನಿಂದ ಬಂದ ಹಳೆಯ ಎಲೆಕ್ಟ್ರಿಕ್ ಗಿಟಾರಿನ ಬಿಳಿ ಬೈಂಡಿಂಗ್ (ಅಂಚಿಗೆ ಕೂಡಿಸಿದ ಪಟ್ಟಿ) ಹಳದಿಗಟ್ಟಿದೆ. ಅಸಿಟೋನಿನಿಂದ ಒರೆಸಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಅಸಿಟೋನನ್ನು ದಯವಿಟ್ಟು ಹತ್ತಿರಕ್ಕೂ ತರಬೇಡಿ, ಪಟ್ಟಿ ಸೆಲ್ಯುಲಾಯ್ಡಿನದಿರಲಿ (ಬೇಗ ಹೊತ್ತಿಕೊಳ್ಳುವ ಹಳೆಯ ಕಾಲದ ಪ್ಲಾಸ್ಟಿಕ್), ಎಬಿಎಸ್ ಪ್ಲಾಸ್ಟಿಕ್ಕಿನದಿರಲಿ, ಅದರಲ್ಲಿ ಕರಗುತ್ತದೆ. ವಾದ್ಯದ ಮೆರುಗು ನೈಟ್ರೋಸೆಲ್ಯುಲೋಸ್ ಲ್ಯಾಕರ್ ಆಗಿದ್ದರೆ, ಹಳದಿ ಬಹುಮಟ್ಟಿಗೆ ವರ್ಷಗಳಿಂದ ಮಾಗಿದ ಆ ಪದರದ್ದೇ; ಕೆರೆದರೆ ಕೆಳಗಿನ ಬಿಳುಪು ಕಂಡೀತು, ಆದರೆ ಹೋದ ಮೆರುಗು ಮರಳುವುದಿಲ್ಲ, ಹಳೆಯ ವಾದ್ಯಗಳನ್ನು ಕೊಳ್ಳುವವರು ಮೆಚ್ಚುವುದೂ ಆ ತುಪ್ಪದ ಬಣ್ಣವನ್ನೇ. (ನನಗೂ ಅದೇ ಚೆಂದ.) ಬೆರಳಿನ ಜಿಡ್ಡನ್ನು ಮಾತ್ರ ಚೆನ್ನಾಗಿ ಹಿಂಡಿದ ಹತ್ತಿಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆ ಆಡಿಸಿ.

ಆದರೆ ಪಟ್ಟಿ ಬಿರುಕುಬಿಟ್ಟು ಪುಡಿಯಾಗುತ್ತಿದ್ದು, ಪೆಟ್ಟಿಗೆ ತೆರೆದೊಡನೆ ಮೂಗಿಗೆ ಹುಳಿ ಘಾಟು ಬಡಿದು, ಪಕ್ಕದ ಫ್ರೆಟ್‌ಗಳಲ್ಲಿ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳಲ್ಲಿ) ಹಸಿರು ಕಿಲುಬು ಕಂಡರೆ, ಸೆಲ್ಯುಲಾಯ್ಡೇ ಕೊಳೆಯುತ್ತಿದೆಯೆಂದು ತಿಳಿಯಿರಿ. ಆಗ ಗಿಟಾರನ್ನು ಪೆಟ್ಟಿಗೆಯಿಂದ ತೆಗೆದು ಗಾಳಿಯಾಡುವಲ್ಲಿ, ಬೆಂಕಿಯಿಂದ ದೂರವಿಟ್ಟು, ಪಟ್ಟಿ ಬದಲಿಸುವ ಕೆಲಸವನ್ನು ನುರಿತ ವಾದ್ಯ ರಿಪೇರಿಗಾರರಿಗೆ ಒಪ್ಪಿಸಿ.