ಖಾಲಿ ಯಂತ್ರದಲ್ಲಿ ಪಾಸಾಗುವ ಪ್ಯಾಕೇಜ್ ಗಿರಾಕಿಯ ಸರ್ವರ್‌ನಲ್ಲಿ ಎಡವುವುದೇಕೆ?

ಪ್ರಶ್ನೆ: ನಮ್ಮದು ಬಳ್ಳಾರಿಯ ಸಣ್ಣ ಸಾಫ್ಟ್‌ವೇರ್ ತಂಡ. ಅಕ್ಕಿ ಗಿರಣಿಗಳ ಲಾರಿ ಕಾಟಾದಿಂದ ತೂಕದ ಲೆಕ್ಕ ಪಡೆದು ಬಿಲ್ಲು ಮಾಡುವ ಸರ್ವರ್ ತಂತ್ರಾಂಶವನ್ನು ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯ ಗಿರಣಿಗಳಿಗೆ ಕೊಟ್ಟಿದ್ದೇವೆ. ಕೆಲವೆಡೆ ಉಬುಂಟು ಇದೆ, ಕೆಲವೆಡೆ ಆಲ್ಮಾಲಿನಕ್ಸ್ ಇದೆ; ಎರಡೂ ಲಿನಕ್ಸ್ ಬಗೆಯ ಕಾರ್ಯಾಚರಣ ವ್ಯವಸ್ಥೆಗಳು. ಪ್ರತಿ ರಾತ್ರಿ ಡಾಕರ್ ಕಂಟೇನರ್‌ನಲ್ಲಿ (ಯಂತ್ರದೊಳಗೇ ಪ್ರತ್ಯೇಕವಾಗಿ ಓಡುವ ಹಗುರ ಪರಿಸರದಲ್ಲಿ) ಪ್ಯಾಕೇಜ್, ಅಂದರೆ ಕಟ್ಟಿಟ್ಟ ತಂತ್ರಾಂಶದ ಕಡತ, ಇನ್‌ಸ್ಟಾಲ್ ಆಗುವುದನ್ನು ಪರೀಕ್ಷಿಸುತ್ತೇವೆ, ಅದು ಪಾಸಾಗುತ್ತದೆ. ಆದರೂ ಸಿಂಧನೂರಿನ ಒಂದು ಗಿರಣಿಯ ಆಲ್ಮಾಲಿನಕ್ಸ್ ಸರ್ವರ್‌ಗೆ ಹೊಸ ಆವೃತ್ತಿ ಹಾಕಿದೊಡನೆ ಅವರು ತಿದ್ದಿಕೊಂಡಿದ್ದ ಪೋರ್ಟ್ ಸಂಖ್ಯೆ, ಡೇಟಾಬೇಸ್ ಪಾಸ್‌ವರ್ಡ್ ಎಲ್ಲವೂ ಮೂಲ ಸ್ಥಿತಿಗೆ ಹೋಗಿ ಸುಗ್ಗಿಯ ಹೊತ್ತಿನಲ್ಲೇ ಕೆಲಸ ನಿಂತಿತು. ವರ್ಚುವಲ್ ಮಶೀನ್‌ಗಳ (ತಂತ್ರಾಂಶದಿಂದ ಸೃಷ್ಟಿಸಿದ ಪೂರ್ಣ ಯಂತ್ರಗಳ) ಮೇಲೆ ಓಡುವ ಪರೀಕ್ಷೆಗಳೂ ನಮ್ಮಲ್ಲಿವೆ. ಅವಕ್ಕೆ ಎರಡು ತಾಸು ಹಿಡಿಯುತ್ತದೆ, ಪದೇ ಪದೇ ಫೇಲಾಗುವುದರಿಂದ ಯಾರೂ ಅವನ್ನು ನೋಡುವುದಿಲ್ಲ. ಅವನ್ನು ಕೈಬಿಟ್ಟು ಕಂಟೇನರ್ ಪರೀಕ್ಷೆಯನ್ನಷ್ಟೇ ಉಳಿಸಿಕೊಂಡರೆ ಸಾಲದೇ?

ಉತ್ತರ: ಸಾಲದು. ಮೊದಲು ಸಿಂಧನೂರಿನ ವಿಷಯವನ್ನು ಮುಗಿಸೋಣ, ಏಕೆಂದರೆ ಗಿರಣಿಯವರ ಹಳೆಯ ಕಾನ್ಫಿಗ್ (ಹೊಂದಾಣಿಕೆಗಳ) ಕಡತ ಬಹುಶಃ ಅಳಿದಿಲ್ಲ. ಆಲ್ಮಾಲಿನಕ್ಸ್ ಬಳಸುವ ಆರ್‌ಪಿಎಂ ಬಗೆಯ ಪ್ಯಾಕೇಜ್‌ನಲ್ಲಿ ಒಂದು ಕಡತವನ್ನು ಬರಿದೇ 'ಕಾನ್ಫಿಗ್' ಎಂದು ಗುರುತಿಸಿದ್ದರೆ, ಮತ್ತು ಹೊಸ ಆವೃತ್ತಿಯಲ್ಲಿ ಆ ಕಡತ ನಿಮ್ಮ ಕಡೆಯಿಂದಲೂ ಬದಲಾಗಿದ್ದರೆ, ಗಿರಾಕಿ ತಿದ್ದಿದ ಪ್ರತಿಯನ್ನು 'ಆರ್‌ಪಿಎಂಸೇವ್' ಎಂಬ ಬಾಲ ಹಚ್ಚಿ ಪಕ್ಕಕ್ಕೆ ಸರಿಸಿ ಹೊಸದನ್ನು ಆ ಜಾಗದಲ್ಲಿ ಕೂರಿಸಲಾಗುತ್ತದೆ. ಅದೇ ಫೋಲ್ಡರ್‌ನಲ್ಲಿ ಹುಡುಕಿದರೆ ಅದು ಸಿಗಬೇಕು. 'ನೋರಿಪ್ಲೇಸ್' ಎಂಬ ಗುರುತನ್ನೂ ಸೇರಿಸಿದ್ದರೆ ನಡೆಯುವುದು ಇದರ ತಿರುವುಮುರುವು: ಗಿರಾಕಿಯ ಕಡತ ಇದ್ದಲ್ಲೇ ಇರುತ್ತದೆ, ನಿಮ್ಮದು 'ಆರ್‌ಪಿಎಂನ್ಯೂ' ಎಂಬ ಬಾಲದೊಡನೆ ಬಂದು ಕೂರುತ್ತದೆ. ಪಾಸ್‌ವರ್ಡ್ ಇರುವ ಕಡತಕ್ಕೆ ಈ ಎರಡನೆಯ ವಿಧಾನವೇ ಬೇಕು.

ನಿಮ್ಮ ರಾತ್ರಿಯ ಪರೀಕ್ಷೆ ಇದನ್ನು ಹಿಡಿಯದಿರುವುದು ಸಹಜ. ಅದು ಏನೂ ಇಲ್ಲದ ಯಂತ್ರಕ್ಕೆ ಹೊಸ ಪ್ಯಾಕೇಜ್ ಹಾಕಿ, ಆದೇಶ ದೋಷವಿಲ್ಲದೆ ಮುಗಿಯಿತೇ ಎಂದಷ್ಟೇ ನೋಡುತ್ತದೆ. ಆದರೆ ಗಿರಣಿಯಲ್ಲಿರುವ ಯಂತ್ರದಲ್ಲಿ ಹಳೆಯ ಆವೃತ್ತಿ ಇರುತ್ತದೆ, ತಿದ್ದಿದ ಕಾನ್ಫಿಗ್ ಇರುತ್ತದೆ, ಒಂದೆರಡು ಸುಗ್ಗಿಯ ದತ್ತಾಂಶ ಇರುತ್ತದೆ. ಆದ್ದರಿಂದ ಅಪ್‌ಗ್ರೇಡ್ ಪರೀಕ್ಷೆ ಹಳೆಯ ಆವೃತ್ತಿಯನ್ನು ಹಾಕುವುದರಿಂದ ಆರಂಭವಾಗಬೇಕು. ಬಳಿಕ ಪೋರ್ಟ್ ಸಂಖ್ಯೆಯನ್ನು ಬದಲಿಸಿ, ನಾಲ್ಕು ಬಿಲ್ಲು ಸೇರಿಸಿ, ಅದರ ಮೇಲೆ ಹೊಸ ಆವೃತ್ತಿ ಹಾಕಿ. ಕೊನೆಗೆ ಬದಲಿಸಿದ ಅದೇ ಪೋರ್ಟ್‌ನಲ್ಲಿ ಸರ್ವರ್ ಉತ್ತರ ಕೊಡುತ್ತದೆಯೇ, ಆ ನಾಲ್ಕು ಬಿಲ್ಲುಗಳು ಸಿಗುತ್ತವೆಯೇ, ಯಂತ್ರವನ್ನು ರೀಬೂಟ್ ಮಾಡಿದರೂ ಸರ್ವರ್ ತಾನಾಗಿ ಏಳುತ್ತದೆಯೇ ಎಂದು ನೋಡಿ. ನಿಮ್ಮಲ್ಲಿ ಒಂದೇ ಒಂದು ಪ್ಯಾಕೇಜ್ ಪರೀಕ್ಷೆಗೆ ಸಮಯವಿದೆ ಎಂದಾದರೆ ಇದನ್ನೇ ಇಟ್ಟುಕೊಳ್ಳಿ ಎನ್ನುವೆ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸೂಕ್ಷ್ಮವಿದೆ. ಅಪ್‌ಗ್ರೇಡ್ ಎಂದರೆ ಹೊಸ ಪ್ಯಾಕೇಜ್‌ನ ಸ್ಕ್ರಿಪ್ಟ್‌ಗಳು (ಅದರೊಳಗಿನ ಆದೇಶಗಳ ಕಡತಗಳು) ಮಾತ್ರ ಓಡುತ್ತವೆ ಎಂಬ ಭಾವನೆ ಸಾಮಾನ್ಯ. ವಾಸ್ತವದಲ್ಲಿ ಹಳೆಯ ಪ್ಯಾಕೇಜ್‌ನವೂ ಓಡುತ್ತವೆ. ಆರ್‌ಪಿಎಂನಲ್ಲಿ ಹೊಸ ಕಡತಗಳು ಬಂದು, ಹೊಸ ಪ್ಯಾಕೇಜ್‌ನ 'ಪೋಸ್ಟ್' ಸ್ಕ್ರಿಪ್ಟ್ ಮುಗಿದ ಮೇಲೆ, ತೆಗೆಯುವ ಮುನ್ನ ಮತ್ತು ತೆಗೆದ ಮೇಲೆ ಓಡುವ, ಹಳೆಯ ಪ್ಯಾಕೇಜ್‌ನ 'ಪ್ರೀಅನ್' ಮತ್ತು 'ಪೋಸ್ಟ್‌ಅನ್' ಸ್ಕ್ರಿಪ್ಟ್‌ಗಳು ಓಡುತ್ತವೆ. ಇವಕ್ಕೆ ಒಂದು ಅಂಕೆ ಬರುತ್ತದೆ: ಪ್ಯಾಕೇಜ್ ಪೂರ್ತಿ ಹೋಗುತ್ತಿದ್ದರೆ 0, ಅಪ್‌ಗ್ರೇಡ್ ಆಗುತ್ತಿದ್ದರೆ 1. ಆ ಅಂಕೆಯನ್ನು ನೋಡದೆ 'ಪ್ರೀಅನ್' ಒಳಗೆ ನೇರವಾಗಿ ಸೇವೆಯನ್ನು (ಹಿನ್ನೆಲೆಯಲ್ಲಿ ಓಡುವ ನಿಮ್ಮ ಸರ್ವರನ್ನು) ನಿಲ್ಲಿಸಿ ನಿಷ್ಕ್ರಿಯಗೊಳಿಸು ಎಂದು ಬರೆದಿಟ್ಟರೆ, ಹೊಸ ಆವೃತ್ತಿ ಆಗಷ್ಟೇ ಎಬ್ಬಿಸಿದ ಸೇವೆಯನ್ನು ಹಳೆಯದು ಹೋಗುವ ಮುನ್ನ ಮಲಗಿಸಿ ಹೋಗುತ್ತದೆ. ಇನ್‌ಸ್ಟಾಲ್ ಆದೇಶ ಮಾತ್ರ ಯಶಸ್ವಿ ಎಂದೇ ಹೇಳುತ್ತದೆ.

ಇದರ ಪರಿಣಾಮ ಸಣ್ಣದಲ್ಲ. ದೋಷವಿರುವುದು ನೀವು ಹಿಂದೆಯೇ ಗಿರಾಕಿಗೆ ಕೊಟ್ಟ ಪ್ಯಾಕೇಜ್‌ನಲ್ಲಿ. ಅದನ್ನು ಈಗ ತಿದ್ದಲಾಗದು, ಅದರ ಪೆಟ್ಟನ್ನು ಹೊಸ ಪ್ಯಾಕೇಜ್ ತಾಳಿಕೊಳ್ಳುವಂತೆ ಮಾಡಬಹುದಷ್ಟೇ. ಆರ್‌ಪಿಎಂ ಅಪ್‌ಗ್ರೇಡ್‌ನ ಕಟ್ಟಕಡೆಗೆ ಓಡುವ, ಹೊಸ ಪ್ಯಾಕೇಜ್‌ಗೆ ಸೇರಿದ 'ಪೋಸ್ಟ್‌ಟ್ರಾನ್ಸ್' ಸ್ಕ್ರಿಪ್ಟ್ ಇಂಥ ಸಂದರ್ಭದಲ್ಲಿ ನೆರವಿಗೆ ಬರುತ್ತದೆ. ಉಬುಂಟು, ಡೆಬಿಯನ್ ಕಡೆ ಸ್ವಲ್ಪ ಕರುಣೆಯಿದೆ: ಹಳೆಯ ಪ್ಯಾಕೇಜ್‌ನ, ತೆಗೆಯುವ ಮುನ್ನ ಓಡುವ 'ಪ್ರೀಆರ್‌ಎಂ' ಸ್ಕ್ರಿಪ್ಟ್ ಸೋತರೆ ಅಲ್ಲಿ ಪ್ಯಾಕೇಜ್‌ಗಳನ್ನು ನಿಭಾಯಿಸುವ ಡಿಪಿಕೆಜಿಯು ಹೊಸ ಪ್ಯಾಕೇಜ್‌ನ 'ಪ್ರೀಆರ್‌ಎಂ'ಗೆ ಒಂದು ಅವಕಾಶ ಕೊಟ್ಟು ನೋಡುತ್ತದೆ. ಹಾಗಾಗಿ ಗಿರಾಕಿಗಳ ಬಳಿ ಇರುವ ಪ್ರತಿಯೊಂದು ಆವೃತ್ತಿಯ ಪ್ಯಾಕೇಜ್ ಕಡತವನ್ನು ಕೊಟ್ಟಿದ್ದು ಕೊಟ್ಟಂತೆಯೇ ಜೋಪಾನವಾಗಿಟ್ಟು, ಪರೀಕ್ಷೆಗೆ ಅದನ್ನೇ ಬಳಸಬೇಕು. ಹಳೆಯ ಸೋರ್ಸ್ ಕೋಡ್‌ನಿಂದ ಇಂದು ಮತ್ತೆ ಕಟ್ಟಿದ ಪ್ಯಾಕೇಜ್ ಅದಕ್ಕೆ ಸಮನಲ್ಲ. ನಿಮ್ಮ ಬಿಲ್ಡ್ ಸಲಕರಣೆಗಳು ಆಗಿನಿಂದ ಬದಲಾಗಿರುತ್ತವೆ.

ಕಂಟೇನರ್‌ಗಳ ಮಾತಿಗೆ ಬಂದರೆ, ಅವು ನಿರುಪಯುಕ್ತವಲ್ಲ. ಕಡತಗಳು ಸರಿಯಾದ ಜಾಗದಲ್ಲಿವೆಯೇ, ಮಾಲೀಕತ್ವ ಮತ್ತು ಅನುಮತಿಗಳು ಸರಿಯಿವೆಯೇ, ಪಾಸ್‌ವರ್ಡ್ ಕಡತವನ್ನು ಬೇರೆ ಬಳಕೆದಾರರು ಓದಲಾಗದಂತಿದೆಯೇ, ಪ್ಯಾಕೇಜ್ ತೆಗೆದಾಗ ದತ್ತಾಂಶ ಉಳಿಯುತ್ತದೆಯೇ ಎಂಬುದನ್ನೆಲ್ಲ ಅಲ್ಲಿ ಕೆಲವೇ ನಿಮಿಷಗಳಲ್ಲಿ ನೋಡಬಹುದು. ಆದರೆ ಸಾಮಾನ್ಯ ಡಾಕರ್ ಕಂಟೇನರ್‌ನಲ್ಲಿ ಸೇವೆಗಳನ್ನು ಎಬ್ಬಿಸುವ ಸಿಸ್ಟಂಡಿ ಓಡುತ್ತಿರುವುದಿಲ್ಲ. ಡೆಬಿಯನ್, ಉಬುಂಟು ಚಿತ್ರಿಕೆಗಳಲ್ಲಂತೂ (ಕಂಟೇನರ್ ಹುಟ್ಟಿಸುವ ಅಚ್ಚುಗಳಲ್ಲಿ) ಸೇವೆಗಳನ್ನು ಆರಂಭಿಸಬಾರದೆಂದು ತಡೆಯುವ 'ಪಾಲಿಸಿ-ಆರ್‌ಸಿ.ಡಿ' ಎಂಬ ಪುಟ್ಟ ಸ್ಕ್ರಿಪ್ಟ್ ಮೊದಲೇ ಕೂತಿರುತ್ತದೆ. ಅದು 101 ಎಂಬ ಸಂಕೇತ ಹಿಂತಿರುಗಿಸಿದರೆ ಪ್ಯಾಕೇಜ್ ಸೇವೆಯನ್ನು ಎಬ್ಬಿಸದೆಯೇ ಸುಮ್ಮನೆ ಮುಂದೆ ಸಾಗುತ್ತದೆ. ನಿಮ್ಮ ಪರೀಕ್ಷೆ ಪಾಸಾಗುತ್ತಿರುವಾಗ ನಿಮ್ಮ ಸರ್ವರ್ ಒಮ್ಮೆಯೂ ಎದ್ದಿಲ್ಲದಿರುವ ಸಾಧ್ಯತೆ ಇದೆ.

ಎರಡು ತಾಸಿನ ತೊಂದರೆಗೆ ಪರಿಹಾರ ಪರೀಕ್ಷೆಗಳನ್ನು ಹಂಚುವುದರಲ್ಲಿದೆ. ಪ್ರತಿ ಬದಲಾವಣೆಗೂ ಕಂಟೇನರ್ ಪರೀಕ್ಷೆಯೊಡನೆ ಒಂದು ಉಬುಂಟು, ಒಂದು ಆಲ್ಮಾಲಿನಕ್ಸ್ ಯಂತ್ರದ ಅಪ್‌ಗ್ರೇಡ್ ಪರೀಕ್ಷೆ ಸಾಕು; ಉಳಿದ ಆವೃತ್ತಿಗಳ ಸರದಿ ರಾತ್ರಿಗಿರಲಿ. ಹಳೆಯ ಆವೃತ್ತಿ ಹಾಕಿ ದತ್ತಾಂಶ ತುಂಬಿದ ಸ್ಥಿತಿಯಲ್ಲಿ ಯಂತ್ರದ ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ) ತೆಗೆದಿಟ್ಟರೆ ಪ್ರತಿ ಸಲ ಮೊದಲಿನಿಂದ ಕಟ್ಟುವ ಕೆಲಸವೂ ತಪ್ಪುತ್ತದೆ.

ಪ್ರಶ್ನೆ: ನಾನು ರಾಯಚೂರಿನವನು, ಒಂದು ಮುಕ್ತ ತಂತ್ರಾಂಶ ಯೋಜನೆಯ ಪ್ಯಾಕೇಜ್ ಪರೀಕ್ಷೆಗಳನ್ನು ನೋಡಿಕೊಳ್ಳುತ್ತೇನೆ. ನಮ್ಮ ಕೋಡ್ ಬದಲಾಗದಿದ್ದರೂ ಸೆಂಟ್‌ಓಎಸ್ 7 ಎಂಬ ಲಿನಕ್ಸ್ ವ್ಯವಸ್ಥೆಯ ಪರೀಕ್ಷೆಗಳು ಫೇಲಾಗುತ್ತಿವೆ. ಉಳಿದವೂ ಆಗಾಗ ಫೇಲಾಗಿ, ಮತ್ತೊಮ್ಮೆ ಓಡಿಸಿದರೆ ಪಾಸಾಗುತ್ತವೆ. ಮೂರು ಸಲ ತಾನಾಗಿ ಮರುಪ್ರಯತ್ನಿಸುವಂತೆ ಮಾಡಿದರೆ ಸರಿಯೇ?

ಉತ್ತರ: ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿದೆ. ಅದರ ಕನ್ನಡಿ ತಾಣಗಳ (ಪ್ಯಾಕೇಜ್‌ಗಳ ಪ್ರತಿ ಇಟ್ಟ ಸರ್ವರ್‌ಗಳ) ಪಟ್ಟಿ ಕೊಡುತ್ತಿದ್ದ ವಿಳಾಸ ನಿಂತುಹೋಗಿದ್ದು, ಪ್ಯಾಕೇಜ್‌ಗಳು ಈಗ 'ವಾಲ್ಟ್' ಎಂಬ ಸಂಗ್ರಹದಲ್ಲಿವೆ. ಹಾಗಾಗಿ ಹಳೆಯ ಚಿತ್ರಿಕೆಯಲ್ಲಿ ಪ್ಯಾಕೇಜ್ ಇಳಿಸುವ ಯಮ್ ಆದೇಶ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತದೆ. ವಿಳಾಸವನ್ನು ವಾಲ್ಟ್‌ಗೆ ತಿರುಗಿಸಿದರೆ ಪರೀಕ್ಷೆ ಮತ್ತೆ ಓಡೀತು. ಆದರೆ ನಿಮ್ಮ ಯೋಜನೆ ಆ ವ್ಯವಸ್ಥೆಯನ್ನು ಇನ್ನೂ ಬೆಂಬಲಿಸುವುದಾಗಿ ಹೇಳುತ್ತಿದೆಯೇ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಬೆಂಬಲ ಇದ್ದರೆ ಪರೀಕ್ಷೆ ಇರಲಿ, ಇಲ್ಲದಿದ್ದರೆ ಪರೀಕ್ಷೆಯನ್ನೂ ದಾಖಲೆಯಲ್ಲಿನ ಹೆಸರನ್ನೂ ಒಂದೇ ಬದಲಾವಣೆಯಲ್ಲಿ ತೆಗೆಯಿರಿ. ಪರೀಕ್ಷೆಯನ್ನು 'ಸದ್ಯಕ್ಕೆ ಬಿಟ್ಟುಬಿಡು' ಎಂದು ಗುರುತಿಸಿ ವರ್ಷಗಟ್ಟಲೆ ಉಳಿಸುವುದು ನನಗೆ ಒಪ್ಪಿತವಲ್ಲ.

ಮರುಪ್ರಯತ್ನದ ವಿಚಾರದಲ್ಲಿ, ಪರೀಕ್ಷೆಯನ್ನು ಸಿದ್ಧತೆ ಮತ್ತು ತಪಾಸಣೆ ಎಂದು ಎರಡು ಭಾಗ ಮಾಡಿ. ಚಿತ್ರಿಕೆ ಇಳಿಸುವುದು, ಅವಲಂಬನೆಗಳನ್ನು ತರುವುದು ಸಿದ್ಧತೆ. ಅಲ್ಲಿ ಮರುಪ್ರಯತ್ನಿಸಬಹುದು, ಸೋತರೆ ವರದಿಯಲ್ಲಿ ಅದು ಬೇರೆಯದೇ ಬಣ್ಣದಲ್ಲಿ ಕಾಣಲಿ. ನಿಮ್ಮ ಪ್ಯಾಕೇಜ್ ಹಾಕಲು ತೊಡಗಿದ ಗಳಿಗೆಯಿಂದ ಮರುಪ್ರಯತ್ನ ಸಲ್ಲದು, ಏಕೆಂದರೆ ಮೂರರಲ್ಲಿ ಒಂದು ಸಲ ಮಾತ್ರ ಏಳುವ ಸೇವೆಯೂ ಆಗ ಪಾಸೆಂದೇ ಲೆಕ್ಕವಾಗುತ್ತದೆ. 'ಹತ್ತು ಸೆಕೆಂಡ್ ಕಾದು ನೋಡು' ಎಂಬ ಸಾಲುಗಳಿದ್ದರೆ ಅವನ್ನೂ ತೆಗೆದು, ಪೋರ್ಟ್ ಉತ್ತರಿಸುವವರೆಗೆ ಒಂದು ಮಿತಿಯೊಳಗೆ ಮತ್ತೆ ಮತ್ತೆ ಕೇಳುವಂತೆ ಬರೆಯಿರಿ. ಸಿದ್ಧತೆ ಮುಗಿದ ಮೇಲೆ ಯಂತ್ರದ ನೆಟ್‌ವರ್ಕ್ ಅನ್ನು ಕಡಿದುಬಿಟ್ಟರೆ ಇನ್ನೊಂದು ಲಾಭವಿದೆ: ಇನ್‌ಸ್ಟಾಲ್ ಆಗುವಾಗ ನಿಮ್ಮ ಸ್ಕ್ರಿಪ್ಟ್ ಕದ್ದುಮುಚ್ಚಿ ಏನನ್ನಾದರೂ ಇಳಿಸಿಕೊಳ್ಳುತ್ತಿದ್ದರೆ ಸಿಕ್ಕಿಬೀಳುತ್ತದೆ.

ಪ್ರಶ್ನೆ: ಕೊಪ್ಪಳದ ನಮ್ಮ ಗಿರಾಕಿಯೊಬ್ಬರಲ್ಲಿ ಅಪ್‌ಗ್ರೇಡ್ ನಡುವೆಯೇ ಕರೆಂಟು ಹೋಗಿ ಉಬುಂಟು ಸರ್ವರ್‌ನಲ್ಲಿ ಪ್ಯಾಕೇಜ್ ಅರೆಬರೆಯಾಗಿ ಉಳಿಯಿತು. ಇಂಥದ್ದನ್ನು ಪರೀಕ್ಷಿಸಲು ಬರುತ್ತದೆಯೇ?

ಉತ್ತರ: ಬರುತ್ತದೆ. ಗಿರಾಕಿಯ ಸರ್ವರ್‌ನಲ್ಲಿ ಡಿಪಿಕೆಜಿಗೆ 'ಕಾನ್ಫಿಗರ್' ಆಯ್ಕೆಯನ್ನು 'ಎ' ಸಂಕೇತದೊಡನೆ ಕೊಟ್ಟರೆ ಕಾನ್ಫಿಗರ್ ಹಂತದಲ್ಲಿ ಅರ್ಧಕ್ಕೆ ನಿಂತದ್ದು ಮುಂದುವರಿಯುತ್ತದೆ; ಆಗ ಕಡತಗಳು ಬಂದ ಮೇಲೆ ಓಡುವ 'ಪೋಸ್ಟ್‌ಇನ್‌ಸ್ಟ್' ಸ್ಕ್ರಿಪ್ಟ್ ಮತ್ತೆ ಮೊದಲ ಸಾಲಿನಿಂದ ಓಡುತ್ತದೆ. ಎಷ್ಟು ಸಲ ಓಡಿದರೂ ಫಲಿತಾಂಶ ಅದೇ ಆಗಿರಬೇಕೆಂದು ಡೆಬಿಯನ್ ನೀತಿ ಕೇಳುವುದು ಇದಕ್ಕಾಗಿಯೇ. ಬಳಕೆದಾರನನ್ನು ಸೃಷ್ಟಿಸುವ ಸಾಲು ಎರಡನೆಯ ಸಲ 'ಈಗಾಗಲೇ ಇದ್ದಾನೆ' ಎಂದು ದೋಷ ಕೊಟ್ಟು ನಿಲ್ಲುವುದು ತೀರಾ ಸಾಮಾನ್ಯ ತಪ್ಪು. ಆತ ಇದ್ದಾನೆಯೇ ಎಂದು ಮೊದಲು ನೋಡಿ ಆಮೇಲೆ ಸೃಷ್ಟಿಸಬೇಕು.

ಪರೀಕ್ಷೆಯಲ್ಲಿ ಸ್ಕ್ರಿಪ್ಟ್‌ನ ಬೇರೆ ಬೇರೆ ಹಂತಗಳಲ್ಲಿ ಬೇಕೆಂದೇ ದೋಷ ಹುಟ್ಟಿಸಿ, ಬಳಿಕ ಅದೇ ಆದೇಶವನ್ನು ಕೊಟ್ಟು ನೋಡಿ. ಬಿಡುಗಡೆಗೆ ಮುನ್ನ ಒಮ್ಮೆಯಾದರೂ ವರ್ಚುವಲ್ ಮಶೀನನ್ನು ಅಪ್‌ಗ್ರೇಡ್ ನಡುವೆ ಶಟ್‌ಡೌನ್ ಮಾಡದೆ ಬಲವಂತವಾಗಿ ಆರಿಸಿ. ಮತ್ತೆ ಎದ್ದಾಗ ಡೇಟಾಬೇಸ್‌ನ ರಚನೆಯನ್ನು ಬದಲಿಸುವ ಹಂತ ಅರ್ಧಕ್ಕೆ ನಿಂತಿಲ್ಲವೇ ಎಂಬುದನ್ನು ಮೊದಲು ನೋಡಿ. ಡಿಪಿಕೆಜಿ ತನ್ನ ಲೆಕ್ಕವನ್ನಷ್ಟೇ ಸರಿಪಡಿಸಿಕೊಳ್ಳುತ್ತದೆ, ನಿಮ್ಮ ಕೋಷ್ಟಕಗಳನ್ನು ಅದು ಮುಟ್ಟುವುದಿಲ್ಲ.