ಬೆಲೀಜ್‌ನಲ್ಲಿ ಏನು ನೋಡಬೇಕು?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಗೆ ಹೋದಾಗ, ಅಲ್ಲಿಂದ ಮಧ್ಯ ಅಮೆರಿಕದ ಪುಟ್ಟ ದೇಶ ಬೆಲೀಜ್‌ಗೂ ಹೋಗಿಬರುವ ಯೋಚನೆಯಿದೆ. ನಾನು, ನನ್ನ ಪತ್ನಿ ಇಬ್ಬರೂ ಅರವತ್ತು ದಾಟಿದವರು, ಈಜು ಬಾರದವರು. ಸಮುದ್ರದೊಳಗಿನ ಪ್ರಸಿದ್ಧ ನೀಲಿ ಗುಂಡಿಯ (ಗ್ರೇಟ್ ಬ್ಲೂ ಹೋಲ್) ಹೊರತಾಗಿ ಅಲ್ಲಿ ನೋಡುವಂಥದ್ದೇನಿದೆ?
– ಓದುಗರು, ಶಿವಮೊಗ್ಗ

ಉತ್ತರ: ಸುಮಾರು 300 ಮೀಟರ್ ಅಗಲ, 120 ಮೀಟರಿಗೂ ಹೆಚ್ಚು ಆಳವಿರುವ ಆ ನೀಲಿ ಗುಂಡಿಯ ದುಂಡನೆಯ ಆಕಾರ ದೋಣಿಯಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ; ಸಣ್ಣ ವಿಮಾನದಿಂದ ನೋಡಿದರೇ ಚೆಂದ. ಆದರೆ ನಿಮ್ಮಂಥವರಿಗೆ ಅಲ್ಲಿನ ಪ್ರಾಚೀನ ಮಾಯಾ ನಾಗರಿಕತೆಯ ಅವಶೇಷಗಳೇ ಮೇಲೆಂದು ನಮ್ಮ ಅಭಿಪ್ರಾಯ. ಗ್ವಾಟೆಮಾಲಾ ಗಡಿಯ ಸಮೀಪದ ಶುನಾನ್ತುನಿಚ್‌ಗೆ ಹೋಗುವಾಗ ಮೋಪಾನ್ ನದಿಯನ್ನು ದಾಟಬೇಕು; ಬಹುಕಾಲ ಜನರನ್ನು ದಾಟಿಸುತ್ತಿದ್ದುದು ಒಬ್ಬಾತ ಕೈಯಿಂದ ಹಿಡಿಕೆ ತಿರುಗಿಸುತ್ತಾ ಹಗ್ಗದ ಆಧಾರದಲ್ಲಿ ಸಾಗಿಸುತ್ತಿದ್ದ ತೆಪ್ಪ. ವಾಹನಗಳೂ ಅದರ ಮೇಲೆಯೇ ಆಚೆ ದಡ ಸೇರುತ್ತಿದ್ದವು. ಶುನಾನ್ತುನಿಚ್‌ನ ಸುಮಾರು 40 ಮೀಟರ್ ಎತ್ತರದ 'ಎಲ್ ಕಾಸ್ಟಿಯೊ' ಕಟ್ಟಡದ ಪಕ್ಕದ ಗೋಡೆಯ ಗಾರೆಯ ಉಬ್ಬುಚಿತ್ರಗಳನ್ನು ನಿಧಾನವಾಗಿ ನೋಡಿ. ಮಾಯಾ ಅವಶೇಷಗಳ ಇನ್ನೊಂದು ತಾಣವಾದ ಲಮನಾಯ್‌ಗೆ ನದಿಯಲ್ಲಿ ದೋಣಿಯ ಮೂಲಕ ಹೋದರೆ ದಾರಿಯುದ್ದಕ್ಕೂ ಹಕ್ಕಿಗಳು, ಅದೃಷ್ಟವಿದ್ದರೆ ಮೊಸಳೆಯೂ ಕಾಣಸಿಗುತ್ತವೆ.

ಆಕ್ತುನ್ ತುನಿಚಿಲ್ ಮುಕ್ನಾಲ್ ಗುಹೆಯನ್ನು ಮಾತ್ರ ಬಿಟ್ಟುಬಿಡಿ: ಅದರ ಬಾಯಿಯಲ್ಲೇ ಈಜಬೇಕಾಗುತ್ತದೆ. ಕಾಕ್ಸ್‌ಕೋಂಬ್ ಅಭಯಾರಣ್ಯ ಚಿರತೆಯನ್ನು ಹೋಲುವ ಜಾಗ್ವಾರ್‌ಗೆ ಹೆಸರುವಾಸಿಯಾದರೂ ಅದು ಕಣ್ಣಿಗೆ ಬೀಳುವುದು ಅಪರೂಪ.

ಜೂನ್‌ನಿಂದ ನವೆಂಬರ್‌ವರೆಗೆ ಮಳೆ, ಚಂಡಮಾರುತಗಳ ಕಾಲವಾದ್ದರಿಂದ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹೋಗುವುದು ಒಳಿತು. 1981ರವರೆಗೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಈ ದೇಶದ ಅಧಿಕೃತ ಭಾಷೆ ಇಂಗ್ಲಿಷೇ ಆಗಿರುವುದರಿಂದ ಮಾತಿಗೆ ತೊಡಕಾಗದು. ಎರಡು ಬೆಲೀಜ್ ಡಾಲರ್‌ಗೆ ಒಂದು ಅಮೆರಿಕನ್ ಡಾಲರ್ ಎಂಬ ಸ್ಥಿರ ದರವಿದ್ದು, ಬೆಲೆ ಕೇಳುವಾಗ ಯಾವ ಡಾಲರ್ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿ.