‘ಇಳಾ’ ಎಂಬ ಹೆಸರಿನ ‘ಳ’ವನ್ನು ಬಿಟ್ಟುಕೊಡಬೇಡಿ

ಮಗಳಿಗೆ ‘ಇಳಾ’ ಎಂದು ಹೆಸರಿಡಲು ಆಸೆ, ಆದರೆ ಅದು ತೀರಾ ಅಪರೂಪವೇ, ಜನ ಸರಿಯಾಗಿ ಉಚ್ಚರಿಸುತ್ತಾರೆಯೇ ಎಂದು ಕೇಳಿದ್ದೀರಿ. ನನ್ನ ಮಗಳ ಹೆಸರೂ ಇಳಾ. ಅವಳಿಗೀಗ ಏಳು ವರ್ಷ; ನಾವಿರುವುದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ಅವಳ ಶಾಲೆಯಲ್ಲಿ ಇನ್ನೊಬ್ಬ ಇಳಾ ಇಲ್ಲ. ಆದ್ಯಾ ಎಂದು ಕೂಗಿದರೆ ಮಾತ್ರ ಮೂವರು ತಿರುಗಿ ನೋಡುತ್ತಾರೆ.

ಅಪರೂಪವಾದರೂ ಇದು ಯಾರೋ ಮೊನ್ನೆ ಹೆಣೆದ ಹೆಸರಲ್ಲ. ಋಗ್ವೇದದಲ್ಲಿ ‘ಇಳಾ ಸರಸ್ವತೀ ಮಹೀ’ ಎಂದು ಮೂವರು ದೇವಿಯರನ್ನು ಒಟ್ಟಿಗೆ ಕರೆಯುತ್ತಾರೆ. ಪುರಾಣದ ಇಳೆ ವೈವಸ್ವತ ಮನುವಿನ ಮಗಳು, ಪುರೂರವನ ತಾಯಿ. ಚಂದ್ರವಂಶ ಬೆಳೆದದ್ದು ಅವಳಿಂದ. ಅವಳು ಕೆಲಕಾಲ ಗಂಡಾಗಿ, ಕೆಲಕಾಲ ಹೆಣ್ಣಾಗಿ ಇದ್ದಳೆಂಬ ಕಥೆಯನ್ನು ಎತ್ತಿ ನಮ್ಮ ನೆಂಟರೊಬ್ಬರು ಆಕ್ಷೇಪಿಸಿದರು. ನನಗೆ ಅದರಲ್ಲಿ ಕೊರತೆಯೇನೂ ಕಾಣಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಇಳೆ ಎಂದರೆ ಭೂಮಿ ಎಂಬುದು ಕನ್ನಡ ಓದಿದವರಿಗೆಲ್ಲ ಗೊತ್ತು.

ಉಚ್ಚಾರಣೆಯ ಕಥೆ ದೊಡ್ಡದು. ನಮ್ಮ ಕಡೆ ಮನೆಮಾತು ತೆಲುಗು ಆಗಿರುವ ಕುಟುಂಬಗಳು ಬಹಳ. ತೆಲುಗಿನಲ್ಲಿ ‘ಇಲಾ’ ಎಂದರೆ ‘ಹೀಗೆ’. ನನ್ನ ಅತ್ತೆ ಮೊದಲ ಸಲ ಹೆಸರು ಕೇಳಿ, “ಹೀಗೆ ಎಂದು ಯಾರಾದರೂ ಹೆಸರಿಡುತ್ತಾರಾ?” ಎಂದು ನಿಜಕ್ಕೂ ನೊಂದುಕೊಂಡರು. ತೆಲುಗಿನಲ್ಲಿ ಪೆಳ್ಳಿ (ಮದುವೆ), ಇಳ್ಳು (ಮನೆಗಳು) ಎನ್ನುವಾಗ ಬರುವ ‘ಳ’ವೇ ಇಲ್ಲಿಯೂ ಇದೆ, ಇವಳು ಭೂದೇವಿ ಎಂದು ವಿವರಿಸಿದೆ. ಅಂದಿನಿಂದ ಅವರ ಬಾಯಲ್ಲಿ ಅವಳು ‘ಇಳಮ್ಮ’. ಅಷ್ಟು ಚೆನ್ನಾಗಿ ಆ ಅಕ್ಷರವನ್ನು ನಾನೂ ಉಚ್ಚರಿಸಲಾರೆ. ಕೆಜಿಎಫ್‌ನ ತಮಿಳು ಗೆಳತಿಗೆ ಹೆಸರು ಕೇಳಿದ ಕೂಡಲೇ ಹಿಡಿಸಿತು. ತಮಿಳಿನಲ್ಲಿ ‘ಇಳ’ ಎಂದರೆ ಎಳೆಯದು. ಇಳಂಗೋವನ್ ಎಂಬ ಹೆಸರಿನ ಹುಡುಗರನ್ನೂ ಇಳಾ ಎಂದು ಕರೆಯುವುದುಂಟು ಎಂದಳು.

ಉತ್ತರದವರು ‘ಇಲಾ’ ಎನ್ನುತ್ತಾರೆ. ಅದು ತಪ್ಪಲ್ಲ. 1972ರಲ್ಲಿ ಅಹಮದಾಬಾದಿನಲ್ಲಿ ಸ್ವಂತ ದುಡಿಮೆಯ ಮಹಿಳೆಯರ ‘ಸೇವಾ’ ಸಂಘಟನೆ ಕಟ್ಟಿದ ಇಲಾ ಭಟ್, ಬಂಗಾಳದ ತೇಭಾಗಾ ರೈತ ಹೋರಾಟದ ಇಲಾ ಮಿತ್ರ, ಇಬ್ಬರ ಹೆಸರಿನಲ್ಲೂ ಇರುವುದು ‘ಲ’ವೇ. ವೇದದ ‘ಳ’ ಮುಂದಿನ ಸಂಸ್ಕೃತದಲ್ಲಿ ಒಮ್ಮೆ ಡಕಾರವಾಗಿ, ಒಮ್ಮೆ ಲಕಾರವಾಗಿ ಉಳಿಯಿತು. ನಮ್ಮ ಊರಿನ ಹೆಸರೂ ‘ಮೂಡಲ ಬಾಗಿಲು’ ಎಂಬುದರಿಂದ ಬಂತು ಎನ್ನುತ್ತಾರೆ. ಅಲ್ಲಿ ತಿರುವುಮುರುವಾಗಿ ಡಕಾರ ಹೋಗಿ ಳಕಾರ ಬಂದಿದೆ. ಇದನ್ನು ಗಮನಿಸಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ತೊಂದರೆ ಇರುವುದು ಇಂಗ್ಲಿಷ್ ಬರವಣಿಗೆಯಲ್ಲಿ. ಆ ಲಿಪಿಯಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರ. ಜೊತೆಗೆ ದೊಡ್ಡ ‘ಐ’, ಸಣ್ಣ ‘ಎಲ್’ ಎರಡೂ ಅಚ್ಚಿನಲ್ಲಿ ಬರಿಯ ನೆಟ್ಟನೆಯ ಗೆರೆಯಂತೆ ಕಾಣುತ್ತವೆ. ಲಸಿಕೆ ಹಾಕಿಸಲು ಹೋದಾಗ ಚೀಟಿ ಹಿಡಿದು “ಲ್ಲಾ ಯಾರು?” ಎಂದು ಕೂಗಿದ್ದನ್ನು ಕೇಳಿದ್ದೇನೆ. ವಿದೇಶಕ್ಕೆ ಹೋದರೆ ‘ಐಲಾ’ ಆಗಬಹುದು. ಬ್ರಿಟನ್ನಿನಲ್ಲಿ ಹಾಗೆ ಉಚ್ಚರಿಸುವ ಬೇರೊಂದು ಹೆಸರು ಬಹಳ ಬಳಕೆಯಲ್ಲಿದೆ. ಆದ್ದರಿಂದ ಜನನ ಪ್ರಮಾಣಪತ್ರದಲ್ಲಿ ಕನ್ನಡದ ಹೆಸರನ್ನು ನೀವೇ ನಿಂತು ಓದಿ, ‘ಳ’ ಇದೆಯೆಂದು ಖಚಿತಪಡಿಸಿಕೊಳ್ಳಿ.

ಇನ್ನೊಂದನ್ನು ಮುಚ್ಚಿಡಬಾರದು. ಒಂದನೆಯ ತರಗತಿಯಲ್ಲಿ ಮಕ್ಕಳು ಅವಳನ್ನು ‘ಇಲಿ’ ಎಂದು ಕರೆದರು. ಎರಡು ದಿನ ಅಳುತ್ತಾ ಬಂದಳು. ನಾಲಿಗೆಯನ್ನು ಹಿಂದಕ್ಕೆ ಮಡಚಿ ‘ಳ’ ಎನ್ನುವುದನ್ನು ಕನ್ನಡಿಯ ಮುಂದೆ ತೋರಿಸಿಕೊಟ್ಟೆ. ಮೂರನೆಯ ದಿನ ಅವಳೇ, “ಇಲಿಯಲ್ಲಿ ಇರುವುದು ಲ, ನನ್ನಲ್ಲಿ ಇರುವುದು ಳ” ಎಂದು ಹೇಳಿ ಬಂದಳಂತೆ.

ಹೆಸರಿಗೆ ಅವಸರ ಪಡಬೇಡಿ. ಜನನವನ್ನು 21 ದಿನಗಳೊಳಗೆ ನೋಂದಾಯಿಸಿದರೆ ಸಾಕು. ಹೆಸರನ್ನು ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅಷ್ಟರಲ್ಲಿ ಮನೆಯವರೆಲ್ಲ ಒಂದು ವಾರ ಮಗುವನ್ನು ಆ ಹೆಸರಿನಿಂದಲೇ ಕರೆಯಿರಿ. ಹಿತ್ತಿಲಿನಲ್ಲಿ ನಿಂತು ಗಟ್ಟಿಯಾಗಿ ಕೂಗಿ ನೋಡಿ. ಕೊನೆಯ ದೀರ್ಘ ಬೀದಿಯ ತುದಿಯವರೆಗೂ ಕೇಳಿಸುತ್ತದೆ.